ಗುಂಜಿಗೆ ರಸ್ತೆ ಬಂತು, ಈಗ ಅಲ್ಲಿ ತಂಗುವವರು ಯಾರು?

ಎರಡು ಪುಟ್ಟ ಚೀಲ. ಉಣ್ಣೆಯಲ್ಲಿ ಬಿಗಿಯಾಗಿ ನೇಯ್ದದ್ದು, ಸವೆಯುವ ಕಡೆ ಚರ್ಮ ಸೇರಿಸಿ ಹೊಲಿದದ್ದು. ಜೋಡಿಸಿ ಕುರಿಯ ಬೆನ್ನ ಮೇಲೆ ಹಾಕಿದರೆ ಆಚೆಗೊಂದು ಈಚೆಗೊಂದು ಜೋತುಬೀಳುತ್ತವೆ. ಕುಮಾವೂಂ ಬೆಟ್ಟದ ಜನ ಇದನ್ನು ಕರ್ಬಚ್ ಅಂತಾರೆ. ಒಂದು ಕುರಿ ಹೊರುವುದು ಹತ್ತು ಹನ್ನೆರಡು ಕಿಲೋ ಅಷ್ಟೇ. ಆದರೆ ನೂರಾರು ಕುರಿ ಸಾಲುಗಟ್ಟಿ ಹೊರಟರೆ ಒಂದು ಊರಿನ ವರ್ಷದ ಉಪ್ಪು, ಇನ್ನೊಂದು ಊರಿನ ವರ್ಷದ ಧಾನ್ಯ ಹಿಮಾಲಯವನ್ನೇ ದಾಟಿಬಿಡುತ್ತಿತ್ತು. ದಾರಿಯಲ್ಲಿ ಕುರಿಗೆ ಮೇವಿನ ಖರ್ಚಿಲ್ಲ, ಅದು ಮೇಯುತ್ತಲೇ ನಡೆಯುತ್ತದೆ. ಬರುವಾಗ ಉಪ್ಪು ಹೊತ್ತ ಕುರಿಯ ಮೈಮೇಲಿನ ಉಣ್ಣೆಯೂ ಸರಕೇ.

ಉತ್ತರಾಖಂಡದ ಪಿಥೌರಾಗಢ ಜಿಲ್ಲೆಯ ಗುಂಜಿ ಬದುಕಿದ್ದೇ ಈ ಚೀಲದ ಮೇಲೆ. ಕುಟಿ ಯಾಂಕ್ತಿ ನದಿ ಬಂದು ಕಾಳಿ ನದಿಗೆ ಸೇರುವ ಜಾಗ ಅದು. ಎತ್ತರ ಸುಮಾರು 3,200 ಮೀಟರ್. ಅಲ್ಲಿಂದ ಮೇಲಕ್ಕೆ ಎರಡು ದಿನ ನಡೆದರೆ 5,000 ಮೀಟರ್ ದಾಟಿದ ಎತ್ತರದಲ್ಲಿ ಲಿಪುಲೇಖ್ ಘಾಟಿ. ಘಾಟಿ ಇಳಿದರೆ ಟಿಬೆಟ್‌ನ ತಕ್ಲಾಕೋಟ್ ಪೇಟೆ. ಅದರಾಚೆಗೆ ಮಾನಸ ಸರೋವರ, ಕೈಲಾಸ.

2025ರ ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಿದ್ದಾಗ ಎರಡೂ ದೇಶಗಳು ಒಂದು ವಿಷಯಕ್ಕೆ ಒಪ್ಪಿದವು. ಲಿಪುಲೇಖ್, ಹಿಮಾಚಲದ ಶಿಪ್ಕಿ ಲಾ, ಸಿಕ್ಕಿಂನ ನಾಥು ಲಾ, ಈ ಮೂರೂ ಘಾಟಿಗಳಲ್ಲಿ ಗಡಿ ವ್ಯಾಪಾರ ಮತ್ತೆ ಶುರು ಮಾಡೋಣ ಅಂತ. ಸುದ್ದಿ ಬಂದ ಕೂಡಲೇ ಎಲ್ಲೆಡೆ ನಡೆದ ಚರ್ಚೆ ಒಂದೇ: ಭಾರತ ಚೀನಾ ಹತ್ತಿರ ಆಗುತ್ತಿವೆಯಾ? ನೇಪಾಳ ಯಾಕೆ ಸಿಟ್ಟಾಯಿತು? ಗುಂಜಿಯವರಿಗೆ ಏನಾಗುತ್ತದೆ ಅಂತ ಕೇಳಿದವರು ಕಡಿಮೆ. ನನಗೆ ಅದೇ ಮುಖ್ಯ ಪ್ರಶ್ನೆ ಅನ್ನಿಸುತ್ತದೆ.

ಬಾಗಿಲು ಹಾಕಿದ್ದು ಹೇಗೆ

ಈ ಕಣಿವೆಯ ಹೆಸರು ಬ್ಯಾಂಸ್. ವ್ಯಾಸ ಋಷಿಯ ಹೆಸರಿನಿಂದ ಬಂತು ಅನ್ನುತ್ತಾರೆ, ಊರಿನವರು ವ್ಯಾಸನನ್ನು ದೇವರೆಂದು ಪೂಜಿಸುತ್ತಾರೆ. ಭಾರತದ ಕಡೆ ಏಳು ಹಳ್ಳಿ: ಬೂದಿ, ಗರ್ಬ್ಯಾಂಗ್, ಗುಂಜಿ, ನಬಿ, ರೋಂಕಾಂಗ್, ನಪಲ್ಚು, ಕುಟಿ. ಕಾಳಿ ನದಿಯ ಆಚೆ, ನೇಪಾಳದಲ್ಲಿ ಛಾಂಗ್ರು ಮತ್ತು ತಿಂಕರ್. ಎರಡೂ ದಡದ ಜನ ಒಂದೇ. ತಮ್ಮನ್ನು ರಂಗ್ ಅಂತ ಕರೆದುಕೊಳ್ಳುತ್ತಾರೆ. ಸರ್ಕಾರಿ ದಾಖಲೆಯಲ್ಲಿ ಭೋಟಿಯಾ. ದಡದಿಂದ ದಡಕ್ಕೆ ಹೆಣ್ಣು ಕೊಟ್ಟು ತರುವ ಸಂಬಂಧ ಇವತ್ತಿಗೂ ಇದೆ.

ಇವರ ವರ್ಷ ಎರಡು ಭಾಗ. ಬೇಸಿಗೆಯಲ್ಲಿ ಮೇಲಿನ ಊರು, ಚಳಿಗಾಲದಲ್ಲಿ ಕೆಳಗಿನ ಧಾರ್ಚುಲಾ. ಹಿಮ ಬೀಳುವ ಮೊದಲು ಇಡೀ ಊರೇ ಬಾಗಿಲು ಹಾಕಿ ಇಳಿಯುತ್ತದೆ. ಹಿಮ ಕರಗಿದ ಮೇಲೆ ಮತ್ತೆ ಏರುತ್ತದೆ. ಗುಂಜಿಯಲ್ಲಿ ನವೆಂಬರ್‌ನಲ್ಲಿ ಬೀಗ ನೋಡಿ ಪಾಳು ಊರು ಅಂದುಕೊಳ್ಳುವುದು ತಪ್ಪು. ಆ ಬೀಗ ಬದುಕಿನ ಒಂದು ಭಾಗ. ಏಪ್ರಿಲ್ ಮೇ ಬಂದರೂ ಬೀಗ ತೆಗೆಯಲು ಯಾರೂ ಬರದಿದ್ದರೆ ಆಗ ಚಿಂತೆ ಮಾಡಬೇಕು.

ಧಾನ್ಯ, ಬೆಲ್ಲ, ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ಉಪ್ಪು, ಉಣ್ಣೆ, ಬಿಳಿಗಾರ ಅಲ್ಲಿಂದ ಬರುತ್ತಿತ್ತು. ಯಾರು ಯಾರ ಜೊತೆ ವ್ಯಾಪಾರ ಮಾಡಬೇಕು ಅನ್ನುವುದು ಪೇಟೆಯಲ್ಲಿ ನಿರ್ಧಾರ ಆಗುತ್ತಿರಲಿಲ್ಲ. ಇಲ್ಲಿನ ಒಂದು ಮನೆಗೆ ಟಿಬೆಟ್‌ನ ಒಂದು ಮನೆ ಮಿತ್ರ. ಅಪ್ಪನ ಮಿತ್ರನ ಮಗ ಮಗನಿಗೆ ಮಿತ್ರ. ಸಾಲ, ನಂಬಿಕೆ, ಊಟ, ತಂಗುವ ಜಾಗ ಎಲ್ಲ ಈ ನಂಟಿನೊಳಗೇ. ಬ್ಯಾಂಕ್ ಇಲ್ಲದ, ನ್ಯಾಯಾಲಯ ಇಲ್ಲದ ಜಾಗದಲ್ಲಿ ವ್ಯಾಪಾರ ನಿಂತಿದ್ದು ಹೀಗೆ.

ಗರ್ಬ್ಯಾಂಗ್‌ನ ಹಳೆಯ ಮನೆಗಳ ಫೋಟೋ ಸಿಕ್ಕರೆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ. ಚೌಕಟ್ಟಿನೊಳಗೆ ಚೌಕಟ್ಟು, ಅದರೊಳಗೆ ಇನ್ನೊಂದು. ಪ್ರತಿಯೊಂದಕ್ಕೂ ಬಳ್ಳಿ, ಹೂವು, ದೇವರ ಕೆತ್ತನೆ. ಕಿಟಕಿಗಳಿಗೂ ಹಾಗೆಯೇ. ಮನುಷ್ಯರ ಬೆನ್ನ ಮೇಲೆ, ಕುರಿಗಳ ಬೆನ್ನ ಮೇಲೆ ಮಾತ್ರ ಸರಕು ಬರುತ್ತಿದ್ದ ಊರಿನಲ್ಲಿ ಇಷ್ಟು ಕುಸುರಿಯ ಬಾಗಿಲು ಮಾಡಿಸಬೇಕಾದರೆ ಕೈಯಲ್ಲಿ ಹಣವಿರಬೇಕು, ಈ ಊರಲ್ಲೇ ಇರುತ್ತೇವೆ ಅನ್ನುವ ಧೈರ್ಯವೂ ಇರಬೇಕು. ಎರಡೂ ಇತ್ತು. ಅದೇ ಬಾಗಿಲುಗಳು ಈಗ ವಾಲಿವೆ. ಗರ್ಬ್ಯಾಂಗ್ ನಿಂತಿರುವುದು ಸಾವಿರಾರು ವರ್ಷಗಳ ಹಿಂದಿನ ಒಂದು ಸರೋವರದ ಹೂಳಿನ ಮೇಲೆ. ಕೆಳಗೆ ನದಿ ಕೊರೆಯುತ್ತದೆ, ಮೇಲಿಂದ ನೀರು ಇಳಿಯುತ್ತದೆ, ಊರು ಜಾರುತ್ತದೆ. ಕೆಲವು ಕುಟುಂಬಗಳಿಗೆ ದೂರದ ತರಾಯಿ ಬಯಲಿನ ಸಿತಾರ್‌ಗಂಜ್‌ನಲ್ಲಿ ಜಾಗ ಕೊಟ್ಟು ಕಳಿಸಬೇಕಾಯಿತು.

ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು 1962ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಒಂದು ಒಪ್ಪಂದ ಮಾಡಿಕೊಂಡಿದ್ದವು. ಪಂಚಶೀಲ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದು ಅದೇ. ಐದು ತತ್ವಗಳು ಅದರ ಪೀಠಿಕೆಯಲ್ಲಿದ್ದವು. ಒಳಗಿದ್ದದ್ದು ವ್ಯಾಪಾರದ ಮಾತು. ವ್ಯಾಪಾರಿಗಳು ಮತ್ತು ಯಾತ್ರಿಕರು ದಾಟಬಹುದಾದ ಆರು ಘಾಟಿಗಳ ಹೆಸರು ಅದರಲ್ಲಿತ್ತು: ಶಿಪ್ಕಿ ಲಾ, ಮಾಣಾ, ನೀತಿ, ಕುಂಗ್ರಿ ಬಿಂಗ್ರಿ, ದಾರ್ಮಾ, ಲಿಪುಲೇಖ್. ಒಪ್ಪಂದದ ಅವಧಿ ಎಂಟೇ ವರ್ಷ. 1962ರ ಜೂನ್‌ನಲ್ಲಿ ಅದು ಮುಗಿಯಿತು. ಅಕ್ಟೋಬರ್‌ನಲ್ಲಿ ಯುದ್ಧ. ಕುರಿಗಳು ಕೆಳಗಿಳಿದವು. ಮಿತ್ರರು ಆಚೆ ಉಳಿದರು.

ಆಮೇಲೆ ರಂಗ್ ಜನ ಕುಸಿದು ಕೂರಲಿಲ್ಲ, ಇದನ್ನು ಹೇಳಲೇಬೇಕು. 1967ರಲ್ಲಿ ಭೋಟಿಯಾ ಸಮುದಾಯ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಮಕ್ಕಳು ಓದಿದರು, ಸರ್ಕಾರಿ ಕೆಲಸಕ್ಕೆ ಸೇರಿದರು, ದೊಡ್ಡ ಹುದ್ದೆಗಳಿಗೂ ಹೋದರು. ಸಮುದಾಯಕ್ಕೆ ಇದು ಒಳ್ಳೆಯದೇ ಆಯಿತು. ಆದರೆ ಊರಿಗೆ? ಓದಿದವರ ಮನೆ ಧಾರ್ಚುಲಾ, ಪಿಥೌರಾಗಢ, ಡೆಹ್ರಾಡೂನ್‌ಗೆ ಬಂತು. ಬೇಸಿಗೆಯಲ್ಲಿ ಮೇಲಕ್ಕೆ ಹೋಗುವವರು ವಯಸ್ಸಾದವರು ಮಾತ್ರ ಅನ್ನುವ ಸ್ಥಿತಿ ಬಂತು.

1992ರಲ್ಲಿ ಲಿಪುಲೇಖ್ ವ್ಯಾಪಾರಕ್ಕೆ ಮತ್ತೆ ತೆರೆಯಿತು. ಶಿಪ್ಕಿ ಲಾ, ನಾಥು ಲಾ ತೆರೆದದ್ದು ಆಮೇಲೆ. ಏನು ಕೊಂಡೊಯ್ಯಬಹುದು, ಏನು ತರಬಹುದು ಅನ್ನುವ ಪಟ್ಟಿ ಇತ್ತು. ಹೋಗುವ ಪಟ್ಟಿಯಲ್ಲಿ ಬೆಲ್ಲ, ಕಲ್ಲುಸಕ್ಕರೆ, ಹೊಗೆಸೊಪ್ಪು, ಮಸಾಲೆ, ಬಟ್ಟೆ, ಪಾತ್ರೆ. ಕಾಫಿಯೂ ಇತ್ತು! ಬರುವ ಪಟ್ಟಿಯಲ್ಲಿ ಉಣ್ಣೆ, ಕುರಿ, ಮೇಕೆ, ಕುದುರೆ, ಯಾಕ್ ಬಾಲ, ಬೆಣ್ಣೆ, ಬಿಳಿಗಾರ, ಉಪ್ಪು. ಓದಿದರೆ ನೂರು ವರ್ಷ ಹಿಂದಿನ ಪಟ್ಟಿ ಅನ್ನಿಸುತ್ತದೆ ಅಲ್ವಾ? ಸಮಸ್ಯೆಯೇ ಅದು. 1992ರ ಹೊತ್ತಿಗೆ ಕುಮಾವೂಂನ ಕಟ್ಟಕಡೆಯ ಅಂಗಡಿಯಲ್ಲೂ ಬಯಲಿನ ಅಯೋಡಿನ್ ಉಪ್ಪಿನ ಪೊಟ್ಟಣ ಸಿಗುತ್ತಿತ್ತು. ಟಿಬೆಟ್ ಉಪ್ಪಿಗೆ ಕಾಯುವವರು ಯಾರು? ಬಾಗಿಲು ತೆರೆಯಿತು, ಆದರೆ ಹಳೆಯ ಬದುಕು ತಿರುಗಿ ಬರಲಿಲ್ಲ. ಆದರೂ ಪ್ರತಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದಷ್ಟು ಕುಟುಂಬಗಳು ಪಾಸ್ ತೆಗೆದುಕೊಂಡು ತಕ್ಲಾಕೋಟ್‌ಗೆ ಹೋಗಿ ಅಂಗಡಿ ಹಾಕುತ್ತಿದ್ದವು. 2019ರ ಋತುವೇ ಕೊನೆ. 2020ರಲ್ಲಿ ಕೋವಿಡ್ ಬಂತು, ಗಲ್ವಾನ್‌ನಲ್ಲಿ ಎರಡೂ ದೇಶಗಳ ಸೈನಿಕರ ಘರ್ಷಣೆ ಆಯಿತು, ಘಾಟಿ ಮತ್ತೆ ಮುಚ್ಚಿತು. ಮುಂದಿನ ವರ್ಷ ಬಂದು ಮಾರೋಣ ಅಂತ ತಕ್ಲಾಕೋಟ್‌ನ ಗೋದಾಮುಗಳಲ್ಲಿ ಬಿಟ್ಟು ಬಂದ ಸರಕು ಅಲ್ಲೇ ಉಳಿಯಿತು.

ಕಷ್ಟದ ದಾರಿಯೇ ಊರಿನ ಬಂಡವಾಳ

ಈಗ ರಸ್ತೆಯ ವಿಷಯ. 2020ರ ಮೇ 8ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಘಟಿಯಾಬಗಢದಿಂದ ಲಿಪುಲೇಖ್ ಕಡೆಗಿನ 80 ಕಿಲೋಮೀಟರ್ ರಸ್ತೆಯನ್ನು ಉದ್ಘಾಟಿಸಿದರು. ಗಡಿ ರಸ್ತೆ ಸಂಸ್ಥೆಯ ಕೆಲಸಗಾರರು ಬಂಡೆಯನ್ನೇ ಕಡಿದು ಮಾಡಿದ ರಸ್ತೆ ಅದು. ಅದಕ್ಕೂ ಮೊದಲು ಆ ದಾರಿ ಹೇಗಿತ್ತು ಅನ್ನುವುದು ಮಾನಸ ಸರೋವರಕ್ಕೆ ನಡೆದುಹೋದ ಯಾತ್ರಿಕರಿಗೆ ಗೊತ್ತು. ಗಾಲಾ ದಾಟಿದ ಮೇಲೆ ನದಿಯ ಕಡೆಗೆ ಇಳಿಯಲು 4,444 ಮೆಟ್ಟಿಲು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಭೋರ್ಗರೆಯುವ ಕಾಳಿ.

ಆ ದಾರಿಯಲ್ಲಿ ಮಾಲ್ಪಾ ಅನ್ನುವ ಜಾಗ ಇತ್ತು. 1998ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಒಂದೇ ರಾತ್ರಿ 200ಕ್ಕೂ ಹೆಚ್ಚು ಜನ ಸತ್ತರು. ಮಾನಸ ಸರೋವರಕ್ಕೆ ಹೊರಟಿದ್ದ ಒಂದು ತಂಡ ಅಲ್ಲಿ ತಂಗಿತ್ತು. ಆ ತಂಡದಲ್ಲಿದ್ದವರು ಪ್ರೋತಿಮಾ ಬೇಡಿ. ಬೆಂಗಳೂರಿನ ಹೊರಗೆ, ಹೆಸರಘಟ್ಟದ ಹತ್ತಿರ ನೃತ್ಯಗ್ರಾಮ ಕಟ್ಟಿದವರು. ನಮ್ಮಲ್ಲಿ ಎಷ್ಟೋ ಜನ ಈ ಕಣಿವೆಯ ಹೆಸರನ್ನು ಮೊದಲು ಕೇಳಿದ್ದು ಆ ಸುದ್ದಿಯಲ್ಲಿ. ಯಾತ್ರಿಕರ ಜೊತೆ ಊರಿನವರು, ಹಮಾಲರು, ಕುದುರೆಯವರು, ಪೊಲೀಸರು ಕೂಡ ಸತ್ತರು. ಅವರ ಹೆಸರು ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ.

ಹೀಗಾಗಿ ರಸ್ತೆ ಬೇಡವಿತ್ತು ಅಂತ ನಾನು ಯಾವತ್ತೂ ಹೇಳಲಾರೆ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ದಿನಗಟ್ಟಲೆ ಹೊತ್ತು ಇಳಿಸಬೇಕಾದ ಊರಿಗೆ ರಸ್ತೆ ಬಂದರೆ ಅದು ಜೀವ ಉಳಿಸುವ ಸಂಗತಿ. ಆದರೆ ರಸ್ತೆ ಬಂದ ಮೇಲೆ ಒಂದು ಲೆಕ್ಕ ತಲೆಕೆಳಗಾಯಿತು. ಅದನ್ನು ಗಮನಿಸದೆ ಮಾಡುವ ಯೋಜನೆಗಳು ಕೈಕೊಡುತ್ತವೆ.

ಆ ಲೆಕ್ಕ ಹೀಗೆ. 2019ರವರೆಗೆ ಲಿಪುಲೇಖ್ ದಾರಿಯಲ್ಲಿ ವರ್ಷಕ್ಕೆ 18 ತಂಡ, ತಂಡಕ್ಕೆ ಹೆಚ್ಚೆಂದರೆ 60 ಯಾತ್ರಿಕರು. ಸಾವಿರ ಚಿಲ್ಲರೆ ಜನ ಅಷ್ಟೇ. ಆದರೆ ಆ ಒಬ್ಬೊಬ್ಬರಿಗೂ ಕುದುರೆ ಬೇಕು, ಕುದುರೆಯವನು ಬೇಕು, ಚೀಲ ಹೊರುವವನು ಬೇಕು. ಬೂದಿಯಲ್ಲಿ ಒಂದು ರಾತ್ರಿ, ಗುಂಜಿಯಲ್ಲಿ ಎರಡು ರಾತ್ರಿ. ದಾರಿಯಲ್ಲಿ ಚಹಾ, ಊಟ. ಛಿಯಾಲೇಖ್ ಏರು ಹತ್ತಿ ಉಸಿರುಗಟ್ಟಿ ಕೂತವನಿಗೆ ಬಿಸಿನೀರು. ಸಾವಿರ ಜನರ ನಡಿಗೆ ಕಣಿವೆಯ ಉದ್ದಕ್ಕೂ ಹಣ ಹಂಚುತ್ತಾ ಹೋಗುತ್ತಿತ್ತು. ದಾರಿಯ ಕಷ್ಟವೇ ಊರಿನ ಬಂಡವಾಳ. ಕುರಿ ನಡೆದಷ್ಟೇ ನಿಧಾನವಾಗಿ ಜನ ನಡೆದರೆ, ಪ್ರತಿ ಊರಲ್ಲೂ ನಿಲ್ಲಲೇಬೇಕು.

ಈಗ ಜೀಪು ಬೆಳಗ್ಗೆ ಧಾರ್ಚುಲಾ ಬಿಟ್ಟರೆ ಅದೇ ದಿನ ಗುಂಜಿ ತಲುಪುತ್ತದೆ. 2025ರಲ್ಲಿ ಐದು ವರ್ಷದ ಬಳಿಕ ಯಾತ್ರೆ ಮತ್ತೆ ಶುರುವಾದಾಗ ಲಿಪುಲೇಖ್ ದಾರಿಗೆ ಕೊಟ್ಟದ್ದು 50 ಜನರ ಐದೇ ತಂಡ. ಉಳಿದ ಹತ್ತು ತಂಡ ನಾಥು ಲಾ ಮೂಲಕ. ಅಂದರೆ ಇಲ್ಲಿಗೆ 250 ಯಾತ್ರಿಕರು, ಅವರೂ ಹೆಚ್ಚಿನ ದಾರಿ ವಾಹನದಲ್ಲೇ. ಕುದುರೆ ಸಾಕಿಕೊಂಡಿದ್ದವನ ಪಾಡೇನು?

ಅದರ ಬದಲು ಬೇರೆ ಜನ ಬಂದರು, ಬಹಳ ಜಾಸ್ತಿ ಬಂದರು. 2023ರ ಅಕ್ಟೋಬರ್ 12ರಂದು ಪ್ರಧಾನಿ ಮೋದಿ ಜೋಲಿಂಗ್‌ಕಾಂಗ್‌ನ ಪಾರ್ವತಿ ಕುಂಡಕ್ಕೆ ಹೋಗಿ, ಗುಂಜಿಯಲ್ಲೂ ಊರಿನವರನ್ನು ಮಾತಾಡಿಸಿದರು. ಆ ಚಿತ್ರಗಳು ಬಂದ ಮೇಲೆ ಈ ಕಡೆಯೇ ಇರುವ ಆದಿ ಕೈಲಾಸ, ಓಂ ಪರ್ವತ ಅನ್ನುವ ಶಿಖರಗಳನ್ನು ನೋಡಲು ಬರುವವರು ಹಲವು ಪಟ್ಟು ಹೆಚ್ಚಾದರು. 2024ರ ಅಕ್ಟೋಬರ್‌ನಿಂದ ಹಳೆ ಲಿಪುಲೇಖ್ ಎತ್ತರದಲ್ಲಿ ಭಾರತದ ನೆಲದಲ್ಲೇ ನಿಂತು ಕೈಲಾಸ ದರ್ಶನ ಮಾಡುವ ವ್ಯವಸ್ಥೆಯೂ ಆಯಿತು. ಗುಂಜಿಯವರೆಗೆ ಹೆಲಿಕಾಪ್ಟರ್!

ಬರುವವರು ಹೆಚ್ಚಾದರೆ ಊರಿಗೆ ಲಾಭ ತಾನೇ ಅನ್ನಬಹುದು. ಒಂದು ಮಟ್ಟಿಗೆ ನಿಜ. ನಬಿಯವರು ರಸ್ತೆ ಬರುವ ಮೊದಲೇ ತಮ್ಮ ಮನೆಗಳಲ್ಲೇ ಯಾತ್ರಿಕರನ್ನು ಉಳಿಸಿಕೊಳ್ಳಲು ಶುರುಮಾಡಿದ್ದರು. ಅವರ ಫಾಫರ್ (ಬಕ್‌ವೀಟ್) ಹಿಟ್ಟಿನ ರೊಟ್ಟಿ, ರಾಜ್ಮಾ, ಆಲೂಗಡ್ಡೆಗೆ ಊರಲ್ಲೇ ಗಿರಾಕಿ ಸಿಕ್ಕಿತು. ಬೇಸಿಗೆಯಲ್ಲಿ ಮೇಲಕ್ಕೆ ಬರುವ ಯುವಕರೂ ಕಾಣಿಸುತ್ತಿದ್ದಾರೆ. ಆದರೆ ವಾಹನ ಬಯಲಿನವರದು, ಪ್ಯಾಕೇಜ್ ಮಾರುವ ಕಂಪನಿ ಬಯಲಿನದು, ತಂಗುವ ಟೆಂಟ್ ಹೊರಗಿನ ಗುತ್ತಿಗೆದಾರನದು, ತಿನ್ನುವ ನೂಡಲ್ಸ್ ಹಲ್ದ್ವಾನಿಯಿಂದ ಬಂದದ್ದು ಅಂತಾದರೆ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ವ್ಯಾಪಾರಕ್ಕೂ ಇದೇ ಮಾತು. ಘಾಟಿಯ ಹತ್ತಿರದವರೆಗೆ ಲಾರಿ ಹೋಗುತ್ತದೆ ಅಂದಮೇಲೆ ದೆಹಲಿಯ ದೊಡ್ಡ ವ್ಯಾಪಾರಿಗೆ ಗುಂಜಿಯ ಕುರಿಯೂ ಬೇಡ, ಹೊರೆ ಹೊರುವ ಜುಪ್ಪುವೂ (ಯಾಕ್ ಮತ್ತು ಹಸುವಿನ ಮಿಶ್ರತಳಿ) ಬೇಡ, ಗುಂಜಿಯವನೂ ಬೇಡ. ಆಚೆ ಕಡೆ ತಕ್ಲಾಕೋಟ್‌ವರೆಗೆ ಒಳ್ಳೆಯ ಡಾಂಬರು ರಸ್ತೆ ಇದೆ. 2023ರ ಕೊನೆಯಲ್ಲಿ ಆ ಪ್ರದೇಶಕ್ಕೆ ವಿಮಾನ ನಿಲ್ದಾಣವೂ ಬಂತು. ಎರಡೂ ಕಡೆ ದೊಡ್ಡವರು ಸಿದ್ಧವಾಗಿರುವಾಗ, ನಡುವೆ ಇರುವ ಸಣ್ಣ ವ್ಯಾಪಾರಿಯ ಜಾಗ ಎಲ್ಲಿ ಅನ್ನುವುದನ್ನು ಮೊದಲೇ ಬರೆದಿಡಬೇಕು.

ಇನ್ನು ಬೆಟ್ಟ. ರಸ್ತೆ ಆಯಿತು ಅಂತ ಬೆಟ್ಟ ಸುಮ್ನೆ ಇರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಆದಿ ಕೈಲಾಸದಿಂದ ಮರಳುತ್ತಿದ್ದ ವಾಹನವೊಂದು ಕಾಳಿ ನದಿಯ ಕಡೆ ಉರುಳಿ ಆರು ಜನ ತೀರಿಕೊಂಡರು. ಬೆಂಗಳೂರಿನಿಂದ ಹೋದವರೂ ಅದರಲ್ಲಿದ್ದರು. ಮಳೆಗಾಲದಲ್ಲಿ ರಸ್ತೆ ಮುಚ್ಚುವುದು ಅಲ್ಲಿ ವಾರದ ಸುದ್ದಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಧಾರ್ಚುಲಾ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ 3,200 ಮೀಟರ್‌ಗೆ ಏರಿ, ಮರುದಿನವೇ ನಾಲ್ಕೂವರೆ ಸಾವಿರ ಮೀಟರ್ ದಾಟಿ ಫೋಟೋ ತೆಗೆದು ಇಳಿಯುವ ಪ್ಯಾಕೇಜ್ ದೇಹಕ್ಕೆ ಒಳ್ಳೆಯದಲ್ಲ. ನಡೆದು ಹೋಗುತ್ತಿದ್ದಾಗ ಮೈ ತಾನಾಗಿ ಒಗ್ಗುತ್ತಿತ್ತು.

ಇಲ್ಲೇ ಒಂದು ದಾರಿ ಕಾಣುತ್ತದೆ ನನಗೆ. ಮಾನಸ ಸರೋವರ ಯಾತ್ರಿಕರನ್ನು ಗುಂಜಿಯಲ್ಲಿ ತಂಗಿಸಿ, ಮೈ ಒಗ್ಗಿದೆಯಾ ಅಂತ ವೈದ್ಯರು ತಪಾಸಣೆ ಮಾಡಿಯೇ ಮೇಲೆ ಬಿಡುತ್ತಾರೆ. ಆದಿ ಕೈಲಾಸಕ್ಕೆ ಹೋಗುವವರಿಗೂ ಗಡಿ ಪ್ರದೇಶಕ್ಕೆ ಹೋಗಲು ಸರ್ಕಾರ ಕೊಡುವ ಇನ್ನರ್ ಲೈನ್ ಪರವಾನಗಿ ಬೇಕೇ ಬೇಕು. ಆ ಪರವಾನಗಿಯಲ್ಲೇ ಒಂದು ಸಾಲು ಸೇರಿಸಿದರೆ? ಮೇಲೇರುವ ಮೊದಲು ಏಳು ಹಳ್ಳಿಗಳಲ್ಲಿ ಎಲ್ಲಾದರೂ, ಊರಿನವರ ಮನೆಯಲ್ಲೇ, ಎರಡು ರಾತ್ರಿ. ಯಾತ್ರಿಕನ ಶ್ವಾಸಕೋಶಕ್ಕೂ ಒಳ್ಳೆಯದು, ಊರಿನ ಒಲೆಗೂ ಒಳ್ಳೆಯದು. ರಸ್ತೆ ಕಿತ್ತುಕೊಂಡ ಆ ನಿಲುಗಡೆಯನ್ನು ನಿಯಮ ವಾಪಸ್ ಕೊಡಬಹುದು.

ಹಣ ಇದೆ, ಎಲ್ಲಿಗೆ ಹೋಗುತ್ತಿದೆ?

ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ವೈಬ್ರಂಟ್ ವಿಲೇಜಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಉತ್ತರದ ಗಡಿಯ ಹಳ್ಳಿಗಳಿಗೆ 4,800 ಕೋಟಿ ರೂಪಾಯಿ, ಮೊದಲು 663 ಊರುಗಳು. ಅದರಲ್ಲಿ 2,500 ಕೋಟಿ ರಸ್ತೆಗೇ. ಗಡಿಯ ಕೊನೆಯ ಊರನ್ನು ದೇಶದ ಮೊದಲ ಊರು ಅಂತ ಕರೆಯೋಣ ಅನ್ನುವುದು ಇದರ ಹಿಂದಿನ ಮಾತು. ಉದ್ದೇಶ ಒಳ್ಳೆಯದು. ಉತ್ತರಾಖಂಡಕ್ಕೆ ಇದು ತುರ್ತು ಕೂಡ. ಅಲ್ಲಿನ ವಲಸೆ ಆಯೋಗ 2018ರಲ್ಲಿ ಕೊಟ್ಟ ವರದಿ ಪ್ರಕಾರ 2011ರ ಜನಗಣತಿಯ ನಂತರ 734 ಹಳ್ಳಿಗಳು ಪೂರ್ತಿ ಖಾಲಿಯಾಗಿವೆ. ಅದರಲ್ಲಿ 14 ಅಂತರರಾಷ್ಟ್ರೀಯ ಗಡಿಯಿಂದ ಐದು ಕಿಲೋಮೀಟರ್ ಒಳಗಿವೆ.

ಆದರೆ ಅರ್ಧಕ್ಕಿಂತ ಹೆಚ್ಚು ಹಣ ರಸ್ತೆಗೆ ಹೋದರೆ ಉಳಿದದ್ದು ಊರಿನೊಳಗಿನ ಬದುಕಿಗೆ ಸಾಕಾಗುತ್ತದಾ? ರಸ್ತೆ ಎರಡೂ ಕಡೆ ಕರೆದೊಯ್ಯುತ್ತದೆ. ಮೇಲೆ ಬರಲು ಎಷ್ಟು ಸುಲಭವೋ ಬಿಟ್ಟು ಹೋಗಲೂ ಅಷ್ಟೇ ಸುಲಭ. ಮಲೆನಾಡಿನ ನಮ್ಮ ಎಷ್ಟೋ ಊರುಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ.

ಚಿಕ್ಕದಾದರೂ ನನಗೆ ಭರವಸೆ ಕೊಟ್ಟದ್ದು ಇನ್ನೊಂದು ಸುದ್ದಿ. 2024ರಲ್ಲಿ ಉತ್ತರಾಖಂಡ ಸರ್ಕಾರ ಮತ್ತು ಗಡಿ ಕಾಯುವ ಐಟಿಬಿಪಿ (ಇಂಡೋ ಟಿಬೆಟನ್ ಗಡಿ ಪೊಲೀಸ್ ಪಡೆ) ಒಂದು ಒಪ್ಪಂದ ಮಾಡಿಕೊಂಡವು. ಗಡಿಯಲ್ಲಿರುವ ತುಕಡಿಗಳಿಗೆ ಬೇಕಾದ ಕುರಿ ಮೇಕೆ ಮಾಂಸ, ಕೋಳಿ, ಮೀನನ್ನು ಸ್ಥಳೀಯ ಸಾಕಣೆದಾರರಿಂದಲೇ ಕೊಳ್ಳುವುದು. ಇದು ಹಳೆಯ ವ್ಯಾಪಾರದ ತರ್ಕವೇ. ಹಾದುಹೋಗುವವನಿಗೆ ಏನು ಬೇಕೋ ಅದನ್ನು ಊರು ಕೊಡುತ್ತದೆ. ಟಿಬೆಟ್ ಮುಚ್ಚಿದ ಮೇಲೆ ಸಿಕ್ಕಿದ ದೊಡ್ಡ ಗಿರಾಕಿ ಅಂದರೆ ಸೈನ್ಯ. ಆ ಗಿರಾಕಿಯ ಸರಕನ್ನೆಲ್ಲ ಬಯಲಿನಿಂದ ಲಾರಿಯಲ್ಲಿ ತರುವ ಬದಲು, ಪಕ್ಕದ ಹಿತ್ತಿಲಿನ ಆಲೂಗಡ್ಡೆ, ರಾಜ್ಮಾವನ್ನೂ ಕೊಳ್ಳುವ ಹಾಗಾದರೆ ಕುರಿ ಸಾಕುವವನೂ ಹೊಲ ಉಳುವವನೂ ಮತ್ತೆ ಮೇಲಕ್ಕೆ ಬರಲು ಕಾರಣ ಸಿಗುತ್ತದೆ.

ನೇಪಾಳದ ಮಾತು. 2020ರ ರಸ್ತೆಗೂ 2025ರ ಘೋಷಣೆಗೂ ಕಠ್ಮಂಡು ಆಕ್ಷೇಪ ಎತ್ತಿತು. 1816ರ ಸುಗೌಲಿ ಒಪ್ಪಂದದಲ್ಲಿ ಕಾಳಿ ನದಿ ಗಡಿ. ಆದರೆ ಕಾಳಿ ಹುಟ್ಟುವುದು ಎಲ್ಲಿ? ಕುಟಿ ಯಾಂಕ್ತಿಯೇ ಕಾಳಿ ಅನ್ನುತ್ತದೆ ನೇಪಾಳ. ಹಾಗಾದರೆ ಗುಂಜಿ, ನಬಿ, ಕುಟಿ ಎಲ್ಲ ಆಚೆಗೆ ಸೇರುತ್ತವೆ. 1954ರಿಂದಲೇ ಲಿಪುಲೇಖ್‌ನಲ್ಲಿ ವ್ಯಾಪಾರ ನಡೆಯುತ್ತಿದೆ, ಈ ವಾದಕ್ಕೆ ಆಧಾರವಿಲ್ಲ ಅನ್ನುವುದು ಭಾರತದ ಉತ್ತರ. ರಾಜಧಾನಿಗಳ ಈ ವಾದದ ನಡುವೆ ಛಾಂಗ್ರುವಿನ ಒಂದು ಕುಟುಂಬ ಚಳಿಗಾಲಕ್ಕೆ ಕೆಳಗಿಳಿಯಬೇಕಾದರೆ ಗರ್ಬ್ಯಾಂಗ್ ಹತ್ತಿರದ ಸೀತಾಪುಲ್ ಸೇತುವೆ ದಾಟಿ ಭಾರತದ ದಾರಿಯಲ್ಲೇ ಬರಬೇಕು. 2020ರಲ್ಲಿ ಗಡಿ ಮುಚ್ಚಿದ್ದಾಗ ಆ ಸೇತುವೆಯ ಗೇಟು ತೆಗೆಸಲು ಅಧಿಕಾರಿಗಳ ಮಟ್ಟದಲ್ಲಿ ಮಾತುಕತೆ ಆಗಬೇಕಾಯಿತು. ಲಿಪುಲೇಖ್ ವ್ಯಾಪಾರದ ನಿಯಮ ಬರೆಯುವಾಗ ಆಚೆ ದಡದ ಈ ಎರಡು ಊರಿನವರ ಓಡಾಟವನ್ನೂ ನೆನಪಿಡಬೇಕು. ಇವರು ಬೇರೆಯವರಲ್ಲ, ನಬಿ ಗುಂಜಿಯ ನೆಂಟರು.

ಭಾಷೆ ಕೂಡ ಹೀಗೆ ಎರಡು ದಡದಲ್ಲಿದೆ. ಅದಕ್ಕೆ ತನ್ನದೇ ಲಿಪಿ ಇಲ್ಲ, ಮಾತಾಡುವವರು ಕೆಲವೇ ಸಾವಿರ. ಚದುರಿಹೋದ ರಂಗ್ ಜನ ವಾಟ್ಸಾಪ್ ಗುಂಪುಗಳಲ್ಲಿ ಕಥೆ, ಹಾಡು, ಪದ ಹಂಚಿಕೊಂಡು ಅದನ್ನು ಉಳಿಸುತ್ತಿರುವ ಬಗ್ಗೆ 2019ರ ನವೆಂಬರ್‌ನಲ್ಲಿ ಪ್ರಧಾನಿಯ ಮನ್ ಕಿ ಬಾತ್‌ನಲ್ಲೂ ಮಾತು ಬಂತು. ವ್ಯಾಪಾರದ ಪದಗಳು, ಉಪ್ಪಿನ ಅಳತೆಯ ಪದಗಳು ಗೊತ್ತಿರುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. 1962ಕ್ಕೆ ಮೊದಲು ಘಾಟಿ ದಾಟಿದವರಿಗೆ ಈಗ ಎಂಬತ್ತರ ಮೇಲೆ.

ಕರ್ನಾಟಕದಿಂದ ಪ್ರತಿವರ್ಷ ಕೈಲಾಸಕ್ಕೆ ಹೋಗುವವರು ಕಡಿಮೆಯಿಲ್ಲ. ರಾಜ್ಯ ಸರ್ಕಾರ ಮಾನಸ ಸರೋವರ ಯಾತ್ರಿಕರಿಗೆ ಸಹಾಯಧನವನ್ನೂ ಕೊಡುತ್ತದೆ. ಈ ದಾರಿಯಲ್ಲಿ ಹೋಗುವವರಿಗೆ ನನ್ನ ಕೋರಿಕೆ ಸಣ್ಣದು. ಗುಂಜಿಯಲ್ಲೋ ನಬಿಯಲ್ಲೋ ಊರಿನವರ ಮನೆ ಕೇಳಿಕೊಂಡು ಉಳಿಯಿರಿ. ಅವರ ರೊಟ್ಟಿ ತಿನ್ನಿ. ಒಂದು ಹಳೆಯ ಕರ್ಬಚ್ ಇದ್ದರೆ ತೋರಿಸಿ ಅಂತ ಕೇಳಿ.

ವ್ಯಾಪಾರದ ಋತು ಶುರುವಾದರೆ ನೋಡಬೇಕಾದ ಕಾಗದ ಒಂದಿದೆ. ಲಿಪುಲೇಖ್ ವ್ಯಾಪಾರದ ಪಾಸ್ ಕೊಡುವುದು ಧಾರ್ಚುಲಾದ ಉಪವಿಭಾಗಾಧಿಕಾರಿಯ ಕಚೇರಿ. ಎಷ್ಟು ಕೋಟಿ ವಹಿವಾಟು ಆಯಿತು ಅಂತ ವರ್ಷದ ಕೊನೆಗೆ ಪತ್ರಿಕೆಗಳು ಬರೆಯುತ್ತವೆ. ನಾನು ಹುಡುಕುವುದು ಬೇರೆ ಅಂಕಿ: ಆ ಪಾಸ್‌ಗಳಲ್ಲಿ ಬೂದಿಯಿಂದ ಕುಟಿಯವರೆಗಿನ ಏಳು ಊರಿನವರ ಹೆಸರು ಎಷ್ಟಿವೆ, 2019ರಲ್ಲಿ ತಕ್ಲಾಕೋಟ್‌ನ ಗೋದಾಮಿನಲ್ಲಿ ಸರಕು ಬಿಟ್ಟುಬಂದವರಲ್ಲಿ ಎಷ್ಟು ಜನ ಅದನ್ನು ತೆಗೆದುಕೊಳ್ಳಲು ಹೋದರು ಅನ್ನುವುದು.